ಸೋತವರಿಗೆ ದಿಲ್‌ಪಸಂದ್

ಬಿಸಿ ತಟ್ಟೆಯ ಅಂಚಿನಲ್ಲಿ ಸಕ್ಕರೆ ಸ್ವಲ್ಪ ಸೀದು, ಒಳಗಿನ ಕೊಬ್ಬರಿತುರಿಗೆ ಏಲಕ್ಕಿ ಬೆರೆತು, ಮೇಲಿನ ಮೈದಾ ಹೊದಿಕೆ ಕೆಂಪಗಾಗುವ ಹೊತ್ತಿಗೆ ಏಳುವ ಒಂದು ವಾಸನೆಯಿದೆ. ಅದಕ್ಕೆ ಹೆಸರಿಲ್ಲ. ದಿಲ್‌ಪಸಂದ್ ಎನ್ನುವುದು ತಿಂಡಿಯ ಹೆಸರೇ ಹೊರತು ವಾಸನೆಯದಲ್ಲ. ನಿನ್ನೆ ಬೆಳಿಗ್ಗೆ ಕೊಪ್ಪದ ಬಸ್ ನಿಲ್ದಾಣದಲ್ಲಿ ಶೃಂಗೇರಿ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಅದು ಹಿಂದಿನಿಂದ ಬಂದು, ಹಳೆಯ ಪರಿಚಯದವರು ಕರೆಯುವಂತೆ ನನ್ನನ್ನು ಕರೆಯಿತು. ತಿರುಗಿ ನೋಡಿದರೆ ಹೊಸದೊಂದು ಬೇಕರಿ. ನನ್ನ ಕಂಕುಳಲ್ಲಿ ಒಂದು ಫೈಲು, ಫೈಲಿನಲ್ಲಿ 'ತತ್ತ್ವಶಾಸ್ತ್ರವನ್ನು ಹೇಗೆ ಕಲಿಸಬೇಕು' ಎಂಬ ಘನಗಂಭೀರ ವಿಷಯದ ಮೇಲೆ ಹದಿನೆಂಟು ಪುಟದ ಉಪನ್ಯಾಸ. ಬದುಕಿನ ಬಹುಭಾಗ ಆ ಶಾಸ್ತ್ರವನ್ನು ಕಾಲೇಜಿನ ಮಕ್ಕಳಿಗೆ ಬೋಧಿಸಿ, ನಿವೃತ್ತಳಾಗಿ, ನರಸಿಂಹರಾಜಪುರದಲ್ಲಿ ಯಾರಿಗೂ ಉಪದ್ರವ ಕೊಡದೆ ಇದ್ದವಳನ್ನು ಶೃಂಗೇರಿಯಲ್ಲಿ ನಡೆಯುವ ಯುವ ಅಧ್ಯಾಪಕರ ಕಮ್ಮಟಕ್ಕೆ ಕರೆದಿದ್ದರು. ಆ ವಾಸನೆ ಮೂಗಿಗೆ ಬಡಿದ ಕ್ಷಣದಲ್ಲೇ ಹದಿನೆಂಟು ಪುಟವೂ ಸುಳ್ಳೆಂದು ನನಗೆ ತಿಳಿದುಹೋಯಿತು. ಪೂರ್ತಿ ಸುಳ್ಳಲ್ಲ; ಅಡಿಟಿಪ್ಪಣಿಗಳು ಸರಿಯಾಗಿಯೇ ಇದ್ದವು. ಒಂದು ದಿಲ್‌ಪಸಂದ್ ಕಟ್ಟಿಸಿಕೊಂಡು ಬಸ್ಸು ಹತ್ತಿದೆ.

ನನಗೆ ತತ್ತ್ವಶಾಸ್ತ್ರ ಕಲಿಸಿದ ವಿದ್ಯಾಪೀಠವು ಕೊಪ್ಪದ ಮೇಲಿನ ಪೇಟೆಯಲ್ಲಿ, ಒಂದು ಹೊಲಿಗೆ ಅಂಗಡಿಗೂ ಒಂದು ಸೈಕಲ್ ಅಂಗಡಿಗೂ ನಡುವೆ ಇತ್ತು. ಮುಂದೆ ಬೇಕರಿ, ಹಿಂದೆ ಮನೆ, ಎರಡಕ್ಕೂ ಸೇರಿ ಒಂದೇ ಗೋಡೆ. ಗೋಡೆಯ ಆಚೆ ಮಗ್ಗುಲಿಗೆ ಇಟ್ಟಿಗೆಯ ದೊಡ್ಡ ಒಲೆಯಿದ್ದುದರಿಂದ ಈಚೆ ಮಗ್ಗುಲು ವರ್ಷವಿಡೀ ಬೆಚ್ಚಗಿರುತ್ತಿತ್ತು. ನಮ್ಮ ಶಾಲೆಯ ಬಟ್ಟೆ ಒಣಗುತ್ತಿದ್ದುದು ಅದಕ್ಕೆ ಆತು, ನಾವು ಮಗ್ಗಿ ಬಾಯಿಪಾಠ ಮಾಡುತ್ತಿದ್ದುದು ಅದಕ್ಕೆ ಒರಗಿ, ಬೆಕ್ಕು ಮರಿ ಹಾಕುತ್ತಿದ್ದುದೂ ಅದರ ಬುಡದಲ್ಲೇ. ಮನೆಯ ಯಜಮಾನರು ನನ್ನ ದೊಡ್ಡಪ್ಪ, ಊರಿಗೆಲ್ಲ ವಾಸಣ್ಣ. ರೆಪ್ಪೆಯ ಮೇಲೂ ಮೈದಾ ಕೂತಿರುತ್ತಿದ್ದ ಅವರನ್ನು ನೋಡಿದರೆ ಈಗಷ್ಟೇ ಕೆತ್ತಿ ಮುಗಿಸಿ ಇನ್ನೂ ದೂಳು ಒರೆಸದ ವಿಗ್ರಹದಂತೆ ಕಾಣುತ್ತಿತ್ತು. ದೊಡ್ಡಮ್ಮ ನನ್ನ ಅಮ್ಮನ ಅಕ್ಕ. ಅಪ್ಪನ ಅರಣ್ಯ ಇಲಾಖೆಯ ಕೆಲಸ ವರ್ಷಕ್ಕೊಂದು ಕಡೆ ಎಳೆದೊಯ್ಯುತ್ತಿದ್ದುದರಿಂದ ಮೂರನೇ ಕ್ಲಾಸಿನಿಂದ ನಾನು ಅವರ ಮನೆಯಲ್ಲೇ ಬೆಳೆದೆ. ಅವರ ಮಗ ಶೇಷು ನನಗಿಂತ ಒಂದು ವರ್ಷ ದೊಡ್ಡವನು, ಹಸಿವಿನಲ್ಲಿ ನಾಲ್ಕು ವರ್ಷ ದೊಡ್ಡವನು. ಇನ್ನು ಒಲೆಯ ಅಧಿಪತಿ ಖಾದರ್ ಸಾಹೇಬರು. ಹಿಟ್ಟು ಕಲಸುವುದು, ನಾದುವುದು, ಬೇಯಿಸುವುದು ಎಲ್ಲ ಅವರದು. ದೊಡ್ಡಪ್ಪನದು ಮಾರಾಟ ಮತ್ತು ಮಾತು.

ದಿನಾ ಮಧ್ಯಾಹ್ನ ಮೂರೂವರೆಗೆ ಎರಡನೇ ಸಲದ ಬ್ರೆಡ್ಡು ಒಲೆಯಿಂದ ಇಳಿದ ಮೇಲೆ ಹಿಟ್ಟು ನಾದುವ ಉದ್ದನೆಯ ಮರದ ಮೇಜನ್ನು ತೊಳೆದು, ಅದರ ಸುತ್ತ ಚಹಾಕ್ಕೆ ಕೂರುತ್ತಿದ್ದರು. ಅದೇ ಸಭೆ. ಯಾರಾದರೂ ಒಂದು ಪ್ರಶ್ನೆ ಎತ್ತುತ್ತಿದ್ದರು. ಕತ್ತಲೆ ಒಂದು ವಸ್ತುವೋ, ಬರೀ ಬೆಳಕಿಲ್ಲದಿರುವುದೋ? ನಾಯಿಗೆ ನಾಳೆ ಎನ್ನುವುದು ಗೊತ್ತಿದೆಯೇ? ಯಾರಿಗೂ ಕೇಳದಂತೆ ಹೇಳಿದ ಸುಳ್ಳು ಸುಳ್ಳು ಹೌದೇ? ಬನ್ ಕೊಳ್ಳಲು ಬಂದ ಗಿರಾಕಿಗಳು ಪೊಟ್ಟಣ ಹಿಡಿದುಕೊಂಡೇ ಬಾಗಿಲಲ್ಲಿ ನಿಂತು ಪಕ್ಷ ವಹಿಸಿ, ಬಸ್ಸು ತಪ್ಪಿಸಿಕೊಂಡು, ಮನೆಯಲ್ಲಿ ಬೈಸಿಕೊಂಡದ್ದುಂಟು. ಲೋಕದ ಎಲ್ಲ ಸಭೆಗಳಲ್ಲೂ ಇಷ್ಟು ಇರಬಹುದು. ಈ ಸಭೆಯ ವಿಶೇಷವೆಂದರೆ ಬಹುಮಾನ. ಗೆದ್ದವರಿಗೆ ಒಂದು ರಸ್ಕ್. ಸೋತವರಿಗೆ, ಅಂದರೆ "ನಾನು ಅಂದ್ಕಂಡಿದ್ದು ತಪ್ಪು" ಎಂದು ಕಾರಣ ಸಮೇತ ಒಪ್ಪಿಕೊಂಡವರಿಗೆ, ದಿಲ್‌ಪಸಂದಿನ ಒಂದು ತುಂಡು. ಹೊಸಬರು ಇದು ತಲೆಕೆಳಗು ಎಂದು ಆಕ್ಷೇಪಿಸಿದರೆ ದೊಡ್ಡಪ್ಪ ಸುಪ್ರೀಂ ಕೋರ್ಟಿನ ಗಾಂಭೀರ್ಯದಲ್ಲಿ ಹೇಳುತ್ತಿದ್ದರು: "ಗೆದ್ದವ ಬರುವಾಗ ಎಷ್ಟು ತಿಳ್ಕಂಡಿದ್ನೋ ಹೋಗುವಾಗ್ಲೂ ಅಷ್ಟೇ ಮಾರಾಯ. ಸೋತವ ಒಂದು ಹೊಸದು ಹೊತ್ಕಂಡು ಹೋಗ್ತಾನೆ. ಹೊತ್ತವನಿಗಲ್ದ ಹಸಿವಾಗೋದು?" ಇಂಥ ಮಾತನ್ನು ನಾನು ಆಮೇಲೆ ದೊಡ್ಡ ದೊಡ್ಡ ಗ್ರಂಥಗಳಲ್ಲೂ ಓದಿದ್ದೇನೆ. ಅಲ್ಲೆಲ್ಲೂ ದಿಲ್‌ಪಸಂದ್ ಇರಲಿಲ್ಲ.

ಈ ಶಾಸನದಿಂದ ಆದ ಮೊದಲ ಅನಾಹುತವನ್ನು ಓದುಗರು ಊಹಿಸಿಯೇ ಇರುತ್ತಾರೆ. ಶೇಷು ದಿನಾ ಸೋಲತೊಡಗಿದ. "ಆನೆ ಮೊಟ್ಟೆ ಇಡ್ತದೆ" ಎಂದು ಘೋಷಿಸಿ, ಯಾರಾದರೂ ಬಾಯಿ ತೆರೆಯುವ ಮೊದಲೇ "ಸೋತೆ, ತಪ್ಪು, ಇಡಲ್ಲ" ಎಂದು ಕೈಯೊಡ್ಡುತ್ತಿದ್ದ. ತೀರ್ಪು ಕೊಡುವವರು ದೊಡ್ಡಮ್ಮ. ಅವರು ಒಂದು ವಾರ ಸಹಿಸಿ, ಎಂಟನೆಯ ದಿನ ಅವನ ಕಿವಿ ಹಿಡಿದು ಬೆಳಕಿಗೆ ತಿರುಗಿಸಿದರು. ನಿಜವಾಗಿ ನಂಬಿದ್ದು ಸುಳ್ಳಾದಾಗ ಮನುಷ್ಯನ ಕಿವಿ ಬಿಸಿಯಾಗಿ ಕೆಂಪೇರುತ್ತದೆ, ಅದಿಲ್ಲದಿದ್ದರೆ ಸೋಲು ಸಾಚಾ ಅಲ್ಲ ಎನ್ನುವುದು ಅವರ ಪ್ರಮಾಣಶಾಸ್ತ್ರ. ಅಂದಿನಿಂದ ಕಿವಿ ಪರೀಕ್ಷೆ ಜಾರಿಗೆ ಬಂತು. ಮರುದಿನದಿಂದಲೇ ಶೇಷು ಸಭೆಗೆ ಮುಂಚೆ ಮೈದಾ ಮೂಟೆಗಳ ಹಿಂದೆ ಕೂತು ಎರಡೂ ಕಿವಿಯನ್ನು ಗೋಣಿಗೆ ಉಜ್ಜಿಕೊಂಡು ಬರತೊಡಗಿದ. ಕಿವಿ ಕೆಂಪಗಿರುತ್ತಿತ್ತು, ಗೋಣಿಯ ನಾರೂ ಅಂಟಿರುತ್ತಿತ್ತು. ಆಗ ದೊಡ್ಡಮ್ಮ ಎರಡನೇ ನಿಯಮ ತಂದರು. ಸೋತವರಿಗೆ ಅರ್ಧ ತುಂಡು ಇವತ್ತು, ಅರ್ಧ ನಾಳೆ. ನಾಳೆಯ ಸಭೆಯಲ್ಲಿ ಅವರು ತಾವು ಒಪ್ಪಿಕೊಂಡ ಹೊಸ ಮಾತನ್ನು ಸಮರ್ಥಿಸಬೇಕು. ಎದುರು ವಾದಿಸುವವರು ಯಾರೆಂದರೆ ನಿನ್ನೆ ಗೆದ್ದವರೇ, ಅದೂ ಸೋತವರ ಹಳೆಯ ಪಕ್ಷವನ್ನು ಹಿಡಿದು. ದಾಟಿದರೆ ಉಳಿದರ್ಧ, ಇಲ್ಲದಿದ್ದರೆ ಇಲ್ಲ. ದಿಲ್‌ಪಸಂದ್ ಮಾರನೆಯ ದಿನವೇ ಹೆಚ್ಚು ರುಚಿ ಎನ್ನುವುದನ್ನೂ ಅವರು ಕಾನೂನಿನ ಜೊತೆ ಸೇರಿಸಿ ಹೇಳಿದರು. ಮೊಟ್ಟೆ ಇಡದ ಆನೆಯ ಪರವಾಗಿ, ಮೊಟ್ಟೆ ಇಡುವ ಆನೆಯ ಪರ ನಿಂತ ಖಾದರ್ ಸಾಹೇಬರ ಎದುರು ಶೇಷು ಒಂದಿಡೀ ಸಂಜೆ ಬೆವರಿದ್ದನ್ನು ನೋಡಿದವರು ನಾವು. ಕೊನೆಗೆ ಅಳುವ ದನಿಯಲ್ಲಿ "ಹಂಗಾರೆ ಇಡ್ತದೆ ಅಂತ್ಲೇ ಇಟ್ಕಳಿ" ಎಂದು ಎದ್ದುಹೋದ.

ನನ್ನ ಕಷ್ಟ ಬೇರೆ. ನಾನು ಸೋಲುತ್ತಿರಲಿಲ್ಲ. ಹನ್ನೊಂದನೆಯ ವಯಸ್ಸಿಗೆ ನನ್ನ ನಾಲಿಗೆ ಯಾವ ಕಡೆಯಿಂದ ಹಿಡಿದರೂ ಜಾರುವಷ್ಟು ನುಣುಪಾಗಿತ್ತು. ಒಂದು ವರ್ಷ ಪೂರ್ತಿ ರಸ್ಕ್ ತಿಂದೆ. ಊರವರು ನನ್ನನ್ನು ರಸ್ಕ್ ಜಾನು ಎಂದರು. ದಿಲ್‌ಪಸಂದನ್ನು ದೊಡ್ಡಮ್ಮ ತ್ರಿಕೋನವಾಗಿ ಕೊಯ್ಯುವಾಗ ಒಳಗಿನಿಂದ ಇಣುಕುವ ಕೆಂಪು, ಹಸಿರು ಟೂಟಿಫ್ರೂಟಿಯನ್ನು ನೋಡಿ ಬಾಯಲ್ಲಿ ನೀರೂರುತ್ತಿತ್ತು. ನಾಳೆ ಹೇಗಾದರೂ ಸೋಲಬೇಕು ಎಂದು ದೇವರಿಗೆ ಕೈಮುಗಿದು ಮಲಗುತ್ತಿದ್ದೆ. ಮರುದಿನ ಮೂರೂವರೆಗೆ ಬಾಯಿ ತೆರೆದರೆ ಗೆದ್ದೇಬಿಡುತ್ತಿದ್ದೆ. ಹುಸಿಯಾಗಿ ಸೋಲಲು ಅಭಿಮಾನ ಬಿಡುತ್ತಿರಲಿಲ್ಲ, ನಿಜವಾಗಿ ಸೋಲಲು ಬರುತ್ತಿರಲಿಲ್ಲ. "ಈ ಕೂಸಿಗೆ ಒಂದ್ಸಲನಾದ್ರೂ ಸೋಲು ಕಾಣ್ಸಪ್ಪ" ಎಂದು ದೊಡ್ಡಮ್ಮ ದೀಪ ಹಚ್ಚುವಾಗ ಬೇಡಿಕೊಂಡದ್ದನ್ನು ನಾನೇ ಕೇಳಿದ್ದೇನೆ. ಅವರು ಅದನ್ನು ತಮಾಷೆಗೆ ಹೇಳಿರಲಿಲ್ಲ ಎಂದು ಈಗ ತಿಳಿಯುತ್ತದೆ.

ಖಾದರ್ ಸಾಹೇಬರ ಬಳಿ ಒಂದು ಪಿಂಗಾಣಿ ಜಾಡಿಯಿತ್ತು. ಅದರಲ್ಲಿ ಹುಳಿಹಿಟ್ಟು. ದಿನಾ ಸಂಜೆ ಮರುದಿನದ ಹಿಟ್ಟು ಕಲಸುವಾಗ ಜಾಡಿಯ ಹಿಟ್ಟನ್ನು ಅದಕ್ಕೆ ಸೇರಿಸುತ್ತಿದ್ದರು; ಬ್ರೆಡ್ಡು ಉಬ್ಬುತ್ತಿದ್ದುದೇ ಅದರಿಂದ. ಹಾಗೆ ಕಲಸಿದ್ದರಲ್ಲಿ ಒಂದು ಮುಷ್ಟಿ ತೆಗೆದು ಮತ್ತೆ ಜಾಡಿಗೆ ಹಾಕಿಡುತ್ತಿದ್ದರು. ಈ ಒಲೆಯ ಮುಂದೆ ಅವರಿಗಿಂತ ಮೊದಲು ನಿಂತಿದ್ದವರು ಅವರ ಅಪ್ಪ. ತೀರಿಹೋಗುವ ಹಿಂದಿನ ದಿನವೂ ಆ ಜಾಡಿಗೆ ಒಂದು ಮುಷ್ಟಿ ಹಾಕಿದ್ದರಂತೆ. ಒಂದು ಮಧ್ಯಾಹ್ನ ಚಹಾ ಕುಡಿಯುತ್ತ ಸಾಹೇಬರು, "ಇದು ನಮ್ಮಪ್ಪನ ಹಿಟ್ಟು" ಎಂದರು. ನಾನು ಬಿಡುತ್ತೇನೆಯೇ? ದಿನಾ ಹಳೆಯದು ಖರ್ಚಾಗಿ ಹೊಸದು ಸೇರುತ್ತಿದ್ದ ಮೇಲೆ ಅಪ್ಪ ಕಲಸಿದ್ದರಲ್ಲಿ ಒಂದು ಕಣವೂ ಈಗ ಉಳಿದಿರಲಾರದು, ಆದ್ದರಿಂದ ಅದು ಅವರಪ್ಪನ ಹಿಟ್ಟಲ್ಲ ಎಂದೆ. ಸಾಹೇಬರು ಗಡ್ಡ ಕೆರೆದು, "ನಾನೂ ದಿನಾ ಹೊಸ ಅನ್ನ ಉಣ್ತೇನೆ ಜಾನಮ್ಮ. ಹಂಗಂತ ನಾನು ಹಳೇ ಖಾದರ್ ಅಲ್ವಾ?" ಎಂದರು. "ನಿಮಗೆ ನಿಮ್ಮ ನೆನಪು ಇದೆ ಸಾಹೇಬ್ರೆ. ಹಿಟ್ಟಿಗೆ ಎಂತ ನೆನಪಿದೆ?" ಎಂದೆ. ಬಾಗಿಲಲ್ಲಿ ನಿಂತ ಗಿರಾಕಿಯೊಬ್ಬರು ಭಲೆ ಎಂದರು. ಸಾಹೇಬರು ಜಾಡಿಯ ಮೇಲಿನ ಬಟ್ಟೆಯನ್ನು ಸರಿಪಡಿಸಿದರು. "ಉತ್ರ ಹೊಳೀತಿಲ್ಲ. ಆದ್ರೆ ಸೋತಿಲ್ಲ." ದೊಡ್ಡಮ್ಮ ಸಭೆಯನ್ನು ನಾಳೆಗೆ ಮುಂದೂಡಿದರು.

ಗೆಲುವನ್ನು ಒಂದು ದಿನ ಕಾಯಿಸುವುದು ನನಗೆ ಆಗದ ಮಾತು. ಸಂಜೆ ಸಾಹೇಬರು ಹಿಟ್ಟು ಕಲಸುವ ಮೊದಲು ನಮಾಜಿಗೆ ಹೋದರು. ನಾನು ಜಾಡಿಯ ಹಿಟ್ಟನ್ನೆಲ್ಲ ತೋಡಿ ಪಕ್ಕದ ಮನೆಯ ಎಮ್ಮೆಯ ಕಲಗಚ್ಚಿನ ಬಾನಿಗೆ ಹಾಕಿದೆ. ಅಂಗಡಿಯಲ್ಲಿ ಬನ್ನಿಗೆಂದು ಇಟ್ಟಿದ್ದ ಯೀಸ್ಟ್ ಒಂದು ಚಿಟಿಕೆ, ಹುಳಿ ಮೊಸರು, ಮೈದಾ ಕಲಸಿ ಅಷ್ಟೇ ದೊಡ್ಡ ಉಂಡೆ ಮಾಡಿ ಜಾಡಿಯಲ್ಲಿಟ್ಟೆ. ನಾಳೆ ಬ್ರೆಡ್ಡು ಎಂದಿನಂತೆ ಉಬ್ಬುತ್ತದೆ, ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ, ಆಗ ಎದ್ದುನಿಂತು ಸತ್ಯ ಹೇಳುತ್ತೇನೆ, ಅಪ್ಪನ ಹಿಟ್ಟು ಎಂಬುದು ಬರೀ ಮಾತು ಎಂದು ಲೋಕಕ್ಕೆ ತಿಳಿಯುತ್ತದೆ. ಇಷ್ಟು ನಿರ್ದುಷ್ಟವಾದ ಪ್ರಯೋಗವನ್ನು ನಾನು ಮತ್ತೆಂದೂ ಯೋಜಿಸಿಲ್ಲ. ಎಮ್ಮೆ ಒಂದೇ ಗುಟುಕಿಗೆ ಒಂದು ವಂಶದ ಇತಿಹಾಸವನ್ನು ನುಂಗಿ ಬಾಲ ಬೀಸಿತು.

ಸಾಹೇಬರು ನಮಾಜು ಮುಗಿಸಿ ಬಂದು, ತೋಳು ಮಡಚಿ, ಜಾಡಿಗೆ ಕೈ ಹಾಕಿದರು. ಹಾಕಿದ ಕೈ ಅಲ್ಲೇ ನಿಂತಿತು. ಮೆಲ್ಲಗೆ ಹೊರಗೆ ತೆಗೆದು ಬೆರಳು ಮೂಸಿದರು. ಮತ್ತೊಮ್ಮೆ ಹಾಕಿ, ಹೆಬ್ಬೆರಳಿಂದ ಒತ್ತಿ, ಇನ್ನೊಮ್ಮೆ ಮೂಸಿದರು. ಬ್ರೆಡ್ಡು ಬೇಯುವವರೆಗೆ ನನ್ನ ಪ್ರಯೋಗ ಬದುಕಲೇ ಇಲ್ಲ. "ಇದು ಅದಲ್ಲ" ಎಂದರು, ಯಾರಿಗೂ ಅಲ್ಲ, ಜಾಡಿಗೆ. ಅವರು ಕೂಗಿದ್ದರೆ ನಾನು ಯಾವುದಾದರೂ ವಾದ ಹೂಡುತ್ತಿದ್ದೆನೋ ಏನೋ. ಅವರು ಮೈದಾ ಮೂಟೆಯ ಮೇಲೆ ಕೂತರು, ಅಷ್ಟೆ. ಹಿಟ್ಟು ಮೆತ್ತಿದ ಕೈಯನ್ನು ಯಾವುದಕ್ಕೂ ತಾಗಿಸದೆ ಎತ್ತಿ ಹಿಡಿದುಕೊಂಡೇ ಇದ್ದರು. ನನ್ನ ಕಿವಿ ಬಿಸಿಯಾಯಿತು. ಗೋಣಿಗೆ ಉಜ್ಜದೆ, ಯಾರೂ ಹಿಂಡದೆ, ಒಳಗಿನಿಂದಲೇ ಬಿಸಿಯಾಯಿತು. ಎಲ್ಲವನ್ನೂ ಹೇಳಿ ಅತ್ತೆ.

ದೊಡ್ಡಮ್ಮ ಬೈಯಲಿಲ್ಲ. "ಅಳದು ಬೇರೆ, ಸೋಲದು ಬೇರೆ ಕೂಸೆ. ಎಂತ ತಪ್ಪಿತು, ಎಲ್ಲಿ ತಪ್ಪಿತು, ಅದು ಹೇಳು ಮೊದ್ಲು" ಎಂದರು. ಬಿಕ್ಕುತ್ತಲೇ ಹೇಳಿದೆ: ಹಿಟ್ಟಿಗೆ ನೆನಪಿಲ್ಲ ಎಂದಿದ್ದೆ, ಇದೆ, ಅದು ಹಿಟ್ಟಿನ ಹುಳಿಯಲ್ಲಿದೆ, ಸಾಹೇಬರ ಕೈಗೆ ಗೊತ್ತಾಗುತ್ತದೆ, ಕಣ ಬದಲಾದರೂ ಅದು ಅದೇ ಆಗಿತ್ತು, ನಾನು ಚೆಲ್ಲಿದ ಮೇಲೆ ಇಲ್ಲವಾಯಿತು. ದೊಡ್ಡಮ್ಮ ನನ್ನ ಕಿವಿಯನ್ನು ಎರಡು ಬೆರಳಲ್ಲಿ ಮುಟ್ಟಿ ನೋಡಿ, ಕಪಾಟು ತೆರೆದು, ಅರ್ಧ ತುಂಡು ದಿಲ್‌ಪಸಂದ್ ಕೊಯ್ದು ಎದುರಿಗಿಟ್ಟರು. ಒಂದು ವರ್ಷ ಆಸೆಪಟ್ಟಿದ್ದು. ಅದನ್ನು ದೂರ ಸರಿಸಿದೆ. ಅದನ್ನು ತಿನ್ನುವುದು ನಿಯಮ ಎಂದು ಕೂತು ತಿನ್ನಿಸಿದರು. ಆಮೇಲೆ ಸಾಹೇಬರ ಕಡೆ ತಿರುಗಿ, "ಅಲ್ಲ ಸಾಹೇಬ್ರೆ, ನಿಮ್ಮ ತಂಗಿ ಜೈನಕ್ಕ ಮದ್ವೆಯಾಗಿ ಬಾಳೆಹೊನ್ನೂರಿಗೆ ಹೋಗುವಾಗ ಇದ್ರದ್ದೇ ಒಂದು ಉಂಡೆ ಕೊಂಡೋಗಿತ್ತಲ್ಲ?" ಎಂದರು.

ಮರುದಿನ ಕೊಪ್ಪಕ್ಕೆ ಬ್ರೆಡ್ಡಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ಸಾಹೇಬರೂ ನಾನೂ ಖಾಲಿ ಜಾಡಿ ತೊಡೆಯ ಮೇಲಿಟ್ಟುಕೊಂಡು ಬಾಳೆಹೊನ್ನೂರಿಗೆ ಹೋದೆವು. ಜೈನಕ್ಕ ಗಂಡನ ಜೊತೆ ಪುಟ್ಟ ಬೇಕರಿ ನಡೆಸುತ್ತಿದ್ದರು. ವಿಷಯ ಕೇಳಿ ಅಣ್ಣನನ್ನು ಸಮಾಧಾನ ಮಾಡುವ ಬದಲು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ಎಮ್ಮೆ ಉಬ್ಬಿತಾ ಕೂಸೆ?" ಎಂದು ನನ್ನನ್ನು ಕೇಳಿ, ತಮ್ಮ ಜಾಡಿಯಿಂದ ದೊಡ್ಡ ಮುಷ್ಟಿ ತೆಗೆದು ನಮ್ಮದಕ್ಕೆ ತುಂಬಿಸಿದರು. ಹೊಟ್ಟೆ ತುಂಬ ತಿನ್ನಿಸಿ ಕಳಿಸಿದರು. ನನಗೆ ಲೋಕ ಮತ್ತೆ ನೆಟ್ಟಗಾಯಿತು ಅನ್ನಿಸಿತು. ಆದರೆ ವಾಪಸು ಬರುವ ಬಸ್ಸಿನಲ್ಲಿ ಸಾಹೇಬರು ಜಾಡಿಯ ಬಟ್ಟೆ ಸರಿಸಿ, ಮೂಸಿ, ಮತ್ತೆ ಮುಚ್ಚಿದರು. "ಇದು ಬಾಳೆಹೊನ್ನೂರಿನ ನೀರು ಕುಡಿದ ಹಿಟ್ಟು. ಅಪ್ಪಂದು ಅಲ್ಲ ಜಾನಮ್ಮ" ಎಂದರು. ನಿಯಮದ ಪ್ರಕಾರ ನನ್ನ ಹಳೆಯ ಪಕ್ಷವನ್ನು ಹಿಡಿದು ಹೇಳಿದರೋ, ಮನಸ್ಸಿನಿಂದಲೇ ಹೇಳಿದರೋ ತಿಳಿಯಲಿಲ್ಲ. ಮುಖ ಕಿಟಕಿಯ ಕಡೆಗಿತ್ತು. ಕಿವಿ ತಣ್ಣಗಿರುವಂತೆ ಕಂಡಿತು.

ಮೂರೂವರೆಗೆ ಸಭೆ ಸೇರಿತು. ಮೇಜಿನ ನಡುವೆ ಜಾಡಿ. ನನ್ನ ಜೀವನದಲ್ಲಿ ಅಷ್ಟು ಹೆದರಿ ನಾನು ವಾದ ಮಾಡಿದ್ದಿಲ್ಲ. ಹಿಂದೆಲ್ಲ ಸೋತರೆ ಹೋಗುತ್ತಿದ್ದುದು ಒಂದು ರಸ್ಕ್. ಈಗ ಸೋತರೆ ಸಾಹೇಬರಿಗೆ ಅವರ ಅಪ್ಪನ ಹಿಟ್ಟು ಶಾಶ್ವತವಾಗಿ ಹೋಗುತ್ತಿತ್ತು, ಅದೂ ನನ್ನ ಕೈಯಿಂದ. ಸಾಹೇಬರು ನನ್ನದೇ ಆಯುಧವನ್ನು ನನಗಿಂತ ಚೆನ್ನಾಗಿ ಬೀಸಿದರು. ಬೇರೆ ನೀರು, ಬೇರೆ ಕೈ, ಬೇರೆ ಒಲೆ. ಒಂದು ಕಣವೂ ಹಳೆಯದಲ್ಲ. ಹುಳಿಯೂ ಒಂದು ಎಳೆ ಬೇರೆ. ಹುಳಿಯ ಮಾತು ನನ್ನ ಬುಡಕ್ಕೇ ಬಂತು. ದೊಡ್ಡಪ್ಪ ಚಹಾ ಆರಲು ಬಿಟ್ಟರು, ಶೇಷು ಉಗುರು ಕಚ್ಚಿದ. ನನ್ನ ಜಾರುವ ನಾಲಿಗೆ ಆವತ್ತು ಜಾರಲಿಲ್ಲ, ತೊದಲಿತು. ಕೇಳುತ್ತ ಹೋದೆ. "ಜೈನಕ್ಕ ಉಂಡೆ ಕೊಂಡೋದ ದಿನ ಅದು ನಿಮ್ಮಪ್ಪಂದೇ ಆಗಿತ್ತಾ ಸಾಹೇಬ್ರೆ?" ಹೌದು ಎಂದರು. "ಜೈನಕ್ಕ ಬಾಳೆಹೊನ್ನೂರಿನ ನೀರು ಕುಡ್ಯಕ್ಕೆ ಶುರುಮಾಡಿ ಎಷ್ಟು ವರ್ಷ ಆಯ್ತು?" ಲೆಕ್ಕ ಹಾಕಿ, ಹದಿನೈದಾಯಿತು ಎಂದರು. "ಮಾತು ಸ್ವಲ್ಪ ಬದಲಾಗಿದೆಯಾ?" ಆಗಿದೆ ಎಂದರು. "ಹಂಗಾರೆ ಜೈನಕ್ಕ ಈಗ ನಿಮ್ಮಪ್ಪನ ಮಗಳು ಅಲ್ವಾ?"

ಸಾಹೇಬರು ಜಾಡಿಯನ್ನು ತಮ್ಮ ಕಡೆ ಎಳೆದುಕೊಂಡು, ಮುಚ್ಚಿದ ಬಟ್ಟೆಯ ಮೇಲೆ ಕೈಯಿಟ್ಟರು. "ಕಳ್ಳಿ" ಎಂದರು, "ನನ್ ತಂಗೀನ ತಂದು ಸಾಕ್ಷಿಗೆ ನಿಲ್ಲಿಸ್ತೀಯಾ!" ಆಮೇಲೆ ಮೆಲ್ಲಗೆ, "ಸೋತೆ. ಅಪ್ಪಂದೇ" ಎಂದರು. ದೊಡ್ಡಮ್ಮ ಎದ್ದು ಬಂದು, ಪರಪುರುಷರ ಕಿವಿ ಮುಟ್ಟುವಂತಿಲ್ಲವಾದ್ದರಿಂದ ಬಗ್ಗಿ ನೋಡಿ, "ಕೆಂಪು" ಎಂದು ತೀರ್ಪಿತ್ತರು. ಒಂದೇ ತಟ್ಟೆಯಲ್ಲಿ ಸಾಹೇಬರ ಅರ್ಧ, ನನ್ನ ಬಾಕಿ ಅರ್ಧ, ಪಕ್ಕದಲ್ಲಿ ಗೆದ್ದದ್ದಕ್ಕೆ ನನ್ನ ರಸ್ಕು. ಶೇಷು ಇದು ಯಾವ ನ್ಯಾಯ ಎಂದು ಕಿರುಚಿದ. ನಾನು ರಸ್ಕನ್ನು ಅವನಿಗೆ ಕೊಟ್ಟೆ. ದಿಲ್‌ಪಸಂದ್ ಮಾರನೆಯ ದಿನವೇ ಹೆಚ್ಚು ರುಚಿ ಎಂಬುದು ಆವತ್ತು ಅನುಭವಕ್ಕೆ ಬಂತು.

ಆ ಮನೆ ಈಗ ಇಲ್ಲ. ದೊಡ್ಡಪ್ಪ ಹೋದರು, ಒಲೆ ಆರಿತು, ಸಾಹೇಬರು ಮುದಿತನದಲ್ಲಿ ಜಾಡಿಯೊಂದಿಗೆ ಮಗನ ಮನೆಗೆ ಹೋಗಿ ಅಲ್ಲೇ ತೀರಿಕೊಂಡರು. ಬಾಳೆಹೊನ್ನೂರಿನ ಬೇಕರಿಗೂ ಪೊಟ್ಟಣದ ಯೀಸ್ಟ್ ಬಂತು, ಜೈನಕ್ಕನ ಹಿಂದೆಯೇ ಆ ಹಿಟ್ಟೂ ಹೋಯಿತು. ಕೊನೆಗೆ ಹೋದವರು ದೊಡ್ಡಮ್ಮ. ಮೇಲಿನ ಪೇಟೆಯ ಆ ಜಾಗದಲ್ಲಿ ಈಗ ಮೊಬೈಲ್ ಅಂಗಡಿಯಿದೆ. ಬೆಚ್ಚನೆಯ ಗೋಡೆ ಇದ್ದಲ್ಲಿ ಫೋನುಗಳ ಗಾಜಿನ ಕಪಾಟು. ಒಮ್ಮೆ ಯಾರೂ ನೋಡದಾಗ ಮುಟ್ಟಿ ನೋಡಿದೆ, ತಣ್ಣಗಿತ್ತು. ನಾನೋ, ಕಾಲೇಜಿನಲ್ಲಿ ಇಷ್ಟು ವರ್ಷ ಗೆದ್ದವರಿಗೇ ಅಂಕ ಕೊಟ್ಟೆ, ಗೆದ್ದವರಿಗೇ ಪದಕ ಹಾಕಿಸಿದೆ. ಸೋತವರಿಗೆ ಏನೂ ಕೊಡಲಿಲ್ಲ. ನನ್ನ ಕೈಯಲ್ಲಿ ಒಬ್ಬ ತತ್ತ್ವಜ್ಞಾನಿಯೂ ತಯಾರಾಗದಿದ್ದುದಕ್ಕೆ ಪಠ್ಯಕ್ರಮವನ್ನು ದೂರಿದೆ.

ಶೃಂಗೇರಿಯಲ್ಲಿ ಫೈಲನ್ನು ಬಿಚ್ಚಲಿಲ್ಲ. ಇದನ್ನೇ ಹೇಳಿದೆ. ಕೊನೆಯಲ್ಲಿ ದನಿ ಗಟ್ಟಿ ಮಾಡಿಕೊಂಡು, ತತ್ತ್ವಶಾಸ್ತ್ರ ಬೆಳೆಯುವುದು ಅಂಥ ಮನೆಗಳಲ್ಲಿ, ಅಂಥ ಮನೆಗಳು ಹೋದವು, ಇನ್ನು ಅದನ್ನು ಕಲಿಸಲು ಬರುವುದಿಲ್ಲ ಎಂದು ತೀರ್ಮಾನ ಕೊಟ್ಟು ಕೂತೆ. ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗಿ, ಕೊಪ್ಪದ ಕಡೆಯವಳಂತೆ, ಕಾಲೇಜಿಗೆ ಹೋಗಿ ಪಾಠ ಮಾಡಲು ತೊಡಗಿ ಒಂದು ವರ್ಷವೂ ಆಗಿರಲಿಕ್ಕಿಲ್ಲ, ಎದ್ದು ನಿಂತಳು. "ಮೇಡಂ, ಜೈನಕ್ಕನ ಮನೆ ಹಿಟ್ಟು ಅದೇ ಹಿಟ್ಟು ಅಂತ ಸಾಧಿಸಿದ್ದು ನೀವೇ ಅಲ್ವಾ? ಮನೆ ಬೇರೆ, ನೀರು ಬೇರೆ ಆದ್ರೂ ಅದೇ ಅಂದ್ರಿ. ಈಗ ಮನೆ ಹೋಯ್ತು, ಎಲ್ಲಾ ಹೋಯ್ತು ಅಂತಿದೀರಿ. ಇವತ್ತು ಈ ಕಥೆ ಹೇಳಿ ಒಂದು ಉಂಡೆ ತಂದು ನಮ್ಮ ಜಾಡಿಗೆ ಹಾಕಿದ್ರಲ್ಲ, ಇದು ಎಂತದು ಹಾಗಾದ್ರೆ?"

ನನ್ನ ಕಿವಿ ಬಿಸಿಯಾಯಿತು.

ಅಷ್ಟೂ ಅಧ್ಯಾಪಕರ ಎದುರಿಗೆ ಚೀಲದಿಂದ ಪೊಟ್ಟಣ ತೆಗೆದು, ನನ್ನದು ತಪ್ಪು, ಎಲ್ಲಿ ತಪ್ಪು ಎಂಬುದನ್ನೂ ಹೇಳಿ, ಅರ್ಧ ತುಂಡು ದಿಲ್‌ಪಸಂದ್ ತಿಂದೆ. ಸೊಗಸಾಗಿತ್ತು. ಆ ಹುಡುಗಿಗೆ ಕೊಡಲು ರಸ್ಕ್ ತಂದಿರಲಿಲ್ಲವಲ್ಲ ಎಂದಷ್ಟೇ ಬೇಸರ. ಉಳಿದರ್ಧವನ್ನು ಕಾಗದದಲ್ಲಿ ಮಡಿಸಿ ಮನೆಗೆ ತಂದೆ. ಒಪ್ಪಿಕೊಂಡದ್ದನ್ನು ಮಾರನೆಯ ದಿನ ಸಮರ್ಥಿಸಬೇಕಷ್ಟೆ? ಅದಕ್ಕಾಗಿ ಬೆಳಿಗ್ಗೆಯಿಂದ ಕೂತು ಇದನ್ನು ಬರೆದಿದ್ದೇನೆ. ಗಂಟೆ ಮೂರೂವರೆ. ಪೊಟ್ಟಣ ಎದುರಿಗಿದೆ. ತಿನ್ನಬಹುದೋ ಬೇಡವೋ ಎಂದು ಹೇಳಲು ದೊಡ್ಡಮ್ಮ ಇಲ್ಲ. ನೀವೇ ಹೇಳಬೇಕು.